ಔಷಧ ಸಂಶೋಧನೆಗೆ ಹಣ ಹೂಡುವವರಾರು?



ಬಡ ರಾಷ್ಟ್ರಗಳ ಉದ್ಯಮಿಗಳು ಸಂಶೋಧನೆಗೆ ಹಣ ಹೂಡುವುದಿಲ್ಲ, ಅನ್ಯರದನ್ನು ನಕಲು ಮಾಡುತ್ತಾರೆ ಎಂಬ ಆರೋಪವನ್ನು ನಾವು ಬಹುಕಾಲದಿಂದ ಕೇಳುತ್ತಿದ್ದೇವೆ. ನಮ್ಮದೇ ದೇಶದ ಔಷಧ ಉದ್ಯಮದ ಇತಿಹಾಸ ಬೇರೆಯದನ್ನೇ ಹೇಳುತ್ತದೆ.

ಜರ್ಮನಿಯಲ್ಲಿ ರಸಾಯನಶಾಸ್ತ್ರ ಕಲಿತು ಬಂದ ಖ್ವಾಜಾ ಅಬ್ದುಲ್ ಹಮೀದ್ 1935ರಲ್ಲಿ ಮುಂಬೈಯಲ್ಲಿ ಸಿಪ್ಲಾ ಸ್ಥಾಪಿಸಿದರು. ಆದರೆ ಬ್ರಿಟಿಷರ ಕಾಲದ ಪೇಟೆಂಟ್ ಕಾನೂನು ದೇಶೀಯ ಕಂಪೆನಿಗಳ ಕೈ ಕಟ್ಟಿ ಹಾಕಿತ್ತು. 1970ರ ಕಾಯ್ದೆ 1972ರಲ್ಲಿ ಜಾರಿಗೆ ಬಂದಾಗ ಔಷಧಿಗೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಎಂದಾಯಿತು. ಅದೇ ಮದ್ದನ್ನು ಬೇರೊಂದು ವಿಧಾನದಿಂದ, ಅಗ್ಗವಾಗಿ ತಯಾರಿಸಬಲ್ಲವರಿಗೆ ಮಾರುಕಟ್ಟೆ ತೆರೆಯಿತು. ಪ್ರಯೋಗಾಲಯವನ್ನು ಕಡೆಗಣಿಸಿದವರು ಸ್ಪರ್ಧೆಯಲ್ಲಿ ಹಿಂದುಳಿಯತೊಡಗಿದರು. ಇದನ್ನು ಬರೀ ನಕಲು ಎನ್ನುವುದು ಅನ್ಯಾಯ.

ಏಡ್ಸ್ ರೋಗಿಯೊಬ್ಬನಿಗೆ ವರ್ಷಕ್ಕೆ 10,000 ಡಾಲರಿಗೂ ಮಿಕ್ಕಿ ತಗಲುತ್ತಿದ್ದ ಮೂರು ಔಷಧಿಗಳನ್ನು 2001ರಲ್ಲಿ ಅವರ ಪುತ್ರ ಯೂಸುಫ್ ಹಮೀದ್, ಸೇವಾ ಸಂಸ್ಥೆಗೆ 350 ಡಾಲರಿಗೆ ಒದಗಿಸಲು ಮುಂದಾದರು. ಸಿಪ್ಲಾ ದಾನಶಾಲೆಯಾಗಿರಲಿಲ್ಲ, ಲಾಭಕ್ಕಾಗಿಯೇ ನಡೆದ ಕಂಪೆನಿ. ಲಾಭವನ್ನು ಇಸ್ಲಾಮ್ ನಿಷೇಧಿಸಿಲ್ಲ. ಲಾಭದ ದಾರಿ ತೆರೆಯುವ ಕಾನೂನನ್ನು ಯಾರಿಗಾಗಿ ಬರೆಯಲಾಗುತ್ತದೆ ಎಂಬುದನ್ನೇ ನಾವು ಪ್ರಶ್ನಿಸಬೇಕಾಗಿದೆ.

2005ರಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದದಂತೆ ಔಷಧಿಗೇ ಪೇಟೆಂಟ್ ಮರಳಿತು. ಇನ್ನು ಸಂಶೋಧನೆ ತಾನಾಗಿಯೇ ಬೆಳೆಯುವುದೆಂದು ಹೇಳಿದವರಿದ್ದರು. ವೆಚ್ಚ ಬೆಳೆದದ್ದು ನಿಜ. ಆದರೆ ಅದರ ದೊಡ್ಡ ಪಾಲು ಹರಿದದ್ದು ಅಮೆರಿಕದ ಮಾರುಕಟ್ಟೆಗೆ ಬೇಕಾದ ಜನರಿಕ್ ಔಷಧಿಗಳತ್ತ. ಕ್ಷಯ, ಕಾಲಾ ಅಜಾರ್‌ಗಳಿಂದ ನರಳುವ ಬಡವನಿಗೆ ಕೊಳ್ಳುವ ಶಕ್ತಿಯಿಲ್ಲ. ಆತನಿಗೆ ಹೊಸ ಮದ್ದು ಹುಡುಕುವ ಹಣ ಇಂದಿಗೂ ಹೆಚ್ಚಾಗಿ ಸರಕಾರಗಳಿಂದ, ದಾನಿಗಳಿಂದಲೇ ಬರುತ್ತಿದೆ.