ಮೇಲೆ ನೀರು, ಕೆಳಗೆ ಬೆಂಕಿಯಂಥ ದ್ರವ

ಬಿಸಿ ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ಹೊಂಬಣ್ಣದ ಚುಕ್ಕಿಗಳಾಗಿ ತೇಲುವುದನ್ನು ನೋಡಿದ್ದೀರಲ್ಲ? ಸೌಟಿನಿಂದ ಎಷ್ಟು ಕಲಕಿದರೂ ಅವು ಮತ್ತೆ ಮೇಲಕ್ಕೇ ಬರುತ್ತವೆ. ಒಂದು ಲೋಟ ಎಣ್ಣೆಯ ತೂಕ ಒಂದು ಲೋಟ ನೀರಿನ ತೂಕಕ್ಕಿಂತ ಕಡಿಮೆ. ಇಷ್ಟು ಜಾಗದಲ್ಲಿ ಎಷ್ಟು ತೂಕ ಎಂಬ ಈ ಲೆಕ್ಕಕ್ಕೇ ಸಾಂದ್ರತೆ ಎಂದು ಹೆಸರು.

ಒಂದು ರಾಸಾಯನಿಕದಿಂದ ಏನೇನು ಅಪಾಯವಿದೆ ಎಂದು ಪರೀಕ್ಷಿಸುವವರು ಅದರ ಸಾಂದ್ರತೆಯನ್ನೂ ಅಳೆದಿಡುತ್ತಾರೆ. ಚೆಲ್ಲಿದರೆ ಅದು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದರ ಸುಳಿವು ಆ ಅಂಕಿಯಲ್ಲಿರುತ್ತದೆ.

ಅಳೆಯುವುದಕ್ಕೆ ಅಂಗೈಯಲ್ಲಿ ಹಿಡಿಯುವಂಥ ಗಾಜಿನ ಶೀಸೆಯೊಂದಿದೆ, ಪಿಕ್ನೋಮೀಟರ್. ಅದರ ಬಿರಡೆಯ ನಡುವೆ ಉದ್ದಕ್ಕೂ ಕೂದಲಿನಂಥ ರಂಧ್ರ. ದ್ರವ ತುಂಬಿ ಬಿರಡೆ ಹಾಕಿದಾಗ ಹೆಚ್ಚಾದದ್ದು ಆ ರಂಧ್ರದಿಂದ ಉಕ್ಕಿ ಹೊರಬರುತ್ತದೆ, ಒರೆಸಿದರಾಯಿತು. ಪ್ರತಿ ಸಲವೂ ಒಳಗೆ ಉಳಿಯುವುದು ಅಷ್ಟೇ ಅಳತೆ. ನನಗಂತೂ ಈ ಸಣ್ಣ ರಂಧ್ರದ ಉಪಾಯ ಬಹಳ ಇಷ್ಟ. ಖಾಲಿ ಶೀಸೆಯ ತೂಕ ಕಳೆದ ಮೇಲೆ ನೀರು 25 ಗ್ರಾಂ ತೂಗಿತು ಎನ್ನಿ. ಅದೇ ಶೀಸೆಗೆ ಸೀಮೆಎಣ್ಣೆ ತುಂಬಿದರೆ ಸುಮಾರು 20 ಗ್ರಾಂ. 20ನ್ನು 25ರಿಂದ ಭಾಗಿಸಿ: 0.8. ನೀರಿನದು 1. ಅಂದ ಮೇಲೆ ಸೀಮೆಎಣ್ಣೆ ತೇಲಲೇಬೇಕು. ಬಿಸಿಗೆ ದ್ರವ ಹಿಗ್ಗಿದರೆ ಲೆಕ್ಕ ಬದಲಾಗುತ್ತದೆ. ಅದಕ್ಕೇ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಗುತ್ತಾರೆ.

ಪೆಟ್ರೋಲಿನ ಅಂಕಿ ಸುಮಾರು 0.75. ಉರಿಯುವ ಪೆಟ್ರೋಲಿಗೆ ನೀರು ಸುರಿದರೆ ನೀರು ಕೆಳಗಿಳಿಯುತ್ತದೆ. ಪೆಟ್ರೋಲು ಅದರ ಮೇಲೆ ತೇಲುತ್ತ, ನೀರು ಹರಿದಲ್ಲೆಲ್ಲ ಬೆಂಕಿಯನ್ನು ಒಯ್ಯುತ್ತದೆ. ಅದಕ್ಕೇ ಅಗ್ನಿಶಾಮಕದವರು ಅಲ್ಲಿ ನೊರೆ ಹಾಕುತ್ತಾರೆ.

ರೇಯಾನ್ ನೂಲು ತಯಾರಿಸಲು ಬಳಸುವ ಕಾರ್ಬನ್ ಡೈಸಲ್ಫೈಡ್ ಇನ್ನೂ ಭಯಂಕರ. ಕುದಿಯುವ ನೀರಿನಷ್ಟು ಬಿಸಿಯಾದ ಕೊಳವೆ ತಾಗಿದರೂ ಅದರ ಆವಿ ಹೊತ್ತಿಕೊಳ್ಳಬಹುದು. ಆದರೆ ಅದರ ಸಾಂದ್ರತೆ 1.26. ನೀರಿನಲ್ಲಿ ಕರಗುವುದೂ ತೀರಾ ಕಡಿಮೆ. ಹಾಗಾಗಿ ತೊಟ್ಟಿಯಲ್ಲಿ ಅದರ ಮೇಲೆ ನೀರು ನಿಲ್ಲಿಸಿ ಕಾಪಾಡುತ್ತಾರೆ! ಪೆಟ್ರೋಲಿನ ಬೆಂಕಿಯನ್ನು ಹೊತ್ತು ಹರಿಯುವ ನೀರೇ ಇಲ್ಲಿ ಗಾಳಿ ತಾಗದಂತೆ ಹೊದಿಕೆಯಾಗುತ್ತದೆ.

ಅನಿಲಗಳಿಗೆ ಹೋಲಿಕೆ ಗಾಳಿಯ ಜೊತೆ. ನಮ್ಮ ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೆಲ ಹಿಡಿದು ಕೂರುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ದೊಡ್ಡವರನ್ನು ಕೂಗಿ ಹೊರಗೆ ಬನ್ನಿ. ಕಿಟಕಿಯ ಜೊತೆ ಬಾಗಿಲೂ ಅಗಲವಾಗಿ ತೆರೆದಿರಲಿ; ಅದು ಹೊಸ್ತಿಲು ದಾಟಿ ಹೋಗಬೇಕಲ್ಲ.