ಮಗುವಿನ ಹೆಸರಿಗೆ ಬರಬೇಕಾದ ಹಣ



ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ನಿವೃತ್ತನಾದವನು ನಾನು. ಓದಿದ್ದು ಮೆಟ್ರಿಕ್‌ವರೆಗೆ. ಹೀಗಾಗಿ ಇವತ್ತಿನ ಮಾತಿನಲ್ಲಿ ವಿಚಾರಕ್ಕಿಂತ ಲೆಕ್ಕವೇ ಹೆಚ್ಚು.

ತಂದೆ ತೀರಿಕೊಂಡು, ತಾಯಿ ಕೂಲಿಗೆ ಹೋಗುವ ಮನೆ ನಮ್ಮ ಅಕ್ಕಲಕೋಟ ತಾಲೂಕಿನ ಯಾವ ಊರಲ್ಲಿ ಇಲ್ಲ ಹೇಳಿ? ಅಂಥ ಮಕ್ಕಳಿಗೆ ಸರಕಾರದ ಹಣವಿದೆ. ಮಹಾರಾಷ್ಟ್ರದ ಬಾಲ ಸಂಗೋಪನ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 1,100 ರೂಪಾಯಿ ಇದ್ದದ್ದು 2023ರಲ್ಲಿ 2,250 ಆಯಿತು. ತಾನಾಗಿ ಆಗಲಿಲ್ಲ. ಕೋವಿಡ್‌ನಲ್ಲಿ ಗಂಡಂದಿರನ್ನು ಕಳೆದುಕೊಂಡ ಹೆಣ್ಣುಮಕ್ಕಳ ಪರವಾಗಿ ಕಾರ್ಯಕರ್ತರು ಬೆನ್ನು ಬಿಡದೆ ಕೇಳಿದ್ದರು. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ 2022ರ ನಿಯಮದಂತೆ ತಿಂಗಳಿಗೆ 4,000 ರೂಪಾಯಿ. ಅಲ್ಲಿ ಆದಾಯದ ಮಿತಿ ಹಳ್ಳಿಗೆ ವರ್ಷಕ್ಕೆ 72,000, ಉಳಿದೆಡೆ 96,000.

ಈ 72,000 ಅಂದರೆ ಏನು? 2025-26ರಲ್ಲಿ ಮಹಾರಾಷ್ಟ್ರದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 312 ರೂಪಾಯಿ. ಅದೇ ದರದಲ್ಲಿ ತಾಯಿ 231 ದಿನ ದುಡಿದರೆ ಮಿತಿ ದಾಟಿತು! ಅಂದರೆ ಆಕೆ ಜಡ್ಡು-ಜಾಪತ್ರೆ ಇಲ್ಲದೆ ಗಟ್ಟಿಯಾಗಿ ದುಡಿದರೆ ಮಗುವಿನ ಹಣಕ್ಕೆ ಕುತ್ತು. ಇದು ಯಾವ ನ್ಯಾಯ? ಇನ್ನು ಹದಿನೆಂಟು ತುಂಬಿದ ಕೂಡಲೆ ಹಣ ನಿಲ್ಲುತ್ತದೆ. ಹುಡುಗಿ ಆಗ ಹನ್ನೆರಡನೇ ಇಯತ್ತೆಯ ಪರೀಕ್ಷೆಗೆ ಓದುತ್ತಿರುತ್ತಾಳೆ. ಮಿತಿ ಏರಬೇಕು, ಓದು ಮುಗಿಯುವವರೆಗೆ ಹಣ ಬರಬೇಕು ಎಂದು ನಾವು ಕೇಳೋಣ.

ಈ ಮಾತು ಆಡಲು ನನಗೊಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಮಗನ ಖಾತೆ ತೆರೆಯಲು ನನ್ನ ಕೌಂಟರಿಗೆ ಬಂದಳು. ಕನ್ನಡ ಶಾಲೆಯ ದಾಖಲೆಯಲ್ಲಿ ಹುಡುಗನ ಹೆಸರು ಒಂದು ರೀತಿ, ಮರಾಠಿ ಕಾಗದದಲ್ಲಿ ಇನ್ನೊಂದು ರೀತಿ. "ಅಕ್ಕಾ, ಸರಿ ಮಾಡಿಸಿಕೊಂಡು ಬಾ" ಅಂದೆ. ಎರಡನೇ ಸಲ ತಂದೆಯ ಹೆಸರು ತಪ್ಪಿತ್ತು, ಮತ್ತೆ ಕಳಿಸಿದೆ. ಪ್ರತಿ ಸಲ ಆಕೆಗೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು. ಮೂರನೇ ಸಲ ಬರಲೇ ಇಲ್ಲ. ನಿಯಮದ ಪ್ರಕಾರ ನನ್ನದು ತಪ್ಪಲ್ಲ. ಆದರೆ ನಾನೇ ಎದ್ದು ಒಂದು ಅರ್ಜಿ ಬರೆದುಕೊಟ್ಟಿದ್ದರೆ ಹತ್ತು ನಿಮಿಷದ ಕೆಲಸ. ಮುಂದೆ ಆ ಹುಡುಗನನ್ನು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಂಡೆ, ಕಪ್ಪು-ಬಸಿ ತೊಳೆಯುತ್ತಿದ್ದ. ನನ್ನ ಗುರುತು ಅವನಿಗೆ ಸಿಗಲಿಲ್ಲ. ನಾನು ಚಹಾ ಬಿಟ್ಟು ಎದ್ದು ಬಂದೆ.

ಮರಾಠಿ ಬರೆಯಲು ಬಾರದು ಎಂದು ಅನೇಕರು ಹಿಂಜರಿಯುತ್ತೀರಿ. ಸಂವಿಧಾನದ 350ನೇ ವಿಧಿ ನೋಡಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವುದೇ ಅಧಿಕಾರಿಗೆ ಅಹವಾಲು ಕೊಡುವ ಹಕ್ಕು ಎಲ್ಲರಿಗೂ ಇದೆ. ಕನ್ನಡದಲ್ಲೇ ಬರೆಯಿರಿ. ಬೇಗ ಕೆಲಸವಾಗಲಿ ಅಂದರೆ ಜೊತೆಗೊಂದು ಮರಾಠಿ ಪ್ರತಿ ಇರಲಿ, ಅದರಲ್ಲಿ ಸಣ್ಣತನವೇನಿಲ್ಲ.

ಗ್ರಾಮಸಭೆಗೆ ಈ ಸಲ ಹೆಣ್ಣುಮಕ್ಕಳೇ ಹೋಗಿ. ಆದಾಯ ಮಿತಿ, ವಯಸ್ಸು ಎರಡರ ಬಗ್ಗೆಯೂ ಠರಾವು ಮಾಡಿಸಿ, ಅದರ ಪ್ರತಿಯನ್ನು ಶಾಸಕರಿಗೂ ಸೋಲಾಪುರದ ಜಿಲ್ಲಾಧಿಕಾರಿಗಳಿಗೂ ಕಳಿಸಿ, ಪೋಚು ಇಟ್ಟುಕೊಳ್ಳಿ. ಪೋಚು ಇಲ್ಲದ ಅರ್ಜಿ ಕಳೆದುಹೋಗುತ್ತದೆ, ಇದು ನನ್ನ ನೌಕರಿಯ ಅನುಭವ.

ಅರ್ಜಿ ಹಾಕುವ ಮೊದಲು ರೇಶನ್ ಕಾರ್ಡು, ಆಧಾರ್, ಶಾಲೆಯ ದಾಖಲೆ, ಪಾಸ್‌ಬುಕ್ಕು ನಾಲ್ಕನ್ನೂ ಒಂದರ ಪಕ್ಕ ಒಂದಿಟ್ಟು ಹೆಸರು ಓದಿ ನೋಡಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನಿಂದಲೇ ಓದಿಸಿ.