ಮನಸ್ಸಿನ ಮಾತು, ನಮ್ಮ ಮಾತಿನಲ್ಲಿ

(ಈ ವರ್ಷದ ಸಹಾಯಾರ್ಥ ಸಮಾರಂಭದಲ್ಲಿ ಆಪ್ತಸಮಾಲೋಚಕರ ತಂಡದ ಪರವಾಗಿ ಮಾಡಿದ ಭಾಷಣ)



ನೃತ್ಯಕ್ಕೆ ಸಿದ್ಧರಾದ ಮಕ್ಕಳು ಪರದೆಯ ಹಿಂದೆ ಕಾಯುತ್ತಿದ್ದಾರೆ. ಹಾಗಾಗಿ ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ನಿಮ್ಮಲ್ಲಿ ಹಲವರು ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: "ಕೌನ್ಸೆಲಿಂಗ್ ಅಂದರೆ ಬುದ್ಧಿ ಹೇಳುವುದು ತಾನೆ? ಅದಕ್ಕೆ ಮನೆಯ ಹಿರಿಯರು ಸಾಲದೇ?" ಹಿರಿಯರು ಬುದ್ಧಿ ಹೇಳುತ್ತಾರೆ, ನಾವು ಹೇಳುವುದಿಲ್ಲ. ವ್ಯತ್ಯಾಸ ಅಲ್ಲಿಂದಲೇ ಶುರು.

ಮೊದಲು ನಮ್ಮ ಪರಿಚಯ. ನಾವು ನಾಲ್ವರು. ಒಬ್ಬರು ಊರಿನಲ್ಲಿ ಶಿಕ್ಷಕಿಯಾಗಿದ್ದವರು, ಒಬ್ಬರು ಇಲ್ಲಿ ನರ್ಸ್, ಇನ್ನಿಬ್ಬರು ಕಂಪ್ಯೂಟರ್ ಕೆಲಸದಿಂದ ಬಂದವರು. ಎಲ್ಲರೂ ನೌಕರಿಯ ಜೊತೆಗೇ ಸಂಜೆ ತರಗತಿಗಳಿಗೆ ಹೋಗಿ ಡಿಪ್ಲೊಮಾ ಪಡೆದೆವು. ಬ್ರಿಟನ್ನಿನಲ್ಲಿ 'ಕೌನ್ಸೆಲರ್' ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಇಲ್ಲ. ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು. ಆದ್ದರಿಂದ ನೀವು ಯಾರ ಬಳಿಗೇ ಹೋದರೂ ಅವರು ಎಲ್ಲಿ ನೋಂದಾಯಿಸಿಕೊಂಡಿದ್ದಾರೆ ಎಂದು ಸಂಕೋಚವಿಲ್ಲದೆ ಕೇಳಿ. ಇಲ್ಲಿನ ದೊಡ್ಡ ವೃತ್ತಿಸಂಘವಾದ ಬಿಎಸಿಪಿಯ ನಿಯಮದಂತೆ, ತರಬೇತಿಯಲ್ಲಿ ಮೇಲ್ವಿಚಾರಣೆಯಡಿ ಕನಿಷ್ಠ 100 ಗಂಟೆ ಕೆಲಸ ಮಾಡಿರಬೇಕು. ತರಬೇತಿ ಮುಗಿದ ಮೇಲೂ ನಾವು ಪ್ರತಿ ತಿಂಗಳು ಹಿರಿಯ ಸಮಾಲೋಚಕರ ಮುಂದೆ ನಮ್ಮ ಕೆಲಸವನ್ನು ಒಪ್ಪಿಸುತ್ತೇವೆ, ಬಂದವರ ಗುರುತು ಬಿಟ್ಟುಕೊಡದೆ.

ನಮ್ಮ ವಿಧಾನಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರೇ ಆಧಾರ. 1957ರ ಅವರ ಪ್ರಬಂಧದಿಂದ ನಾವು ಮುಖ್ಯವಾಗಿ ಮೂರು ಗುಣಗಳನ್ನು ಕಲಿತೆವು: ಬಂದವರ ಕಣ್ಣಿನಿಂದಲೇ ನೋಡುವುದು, ತೀರ್ಪು ಕೊಡದೆ ಅವರನ್ನು ಒಪ್ಪಿಕೊಳ್ಳುವುದು, ನಟನೆ ಇಲ್ಲದೆ ನಡೆದುಕೊಳ್ಳುವುದು. ಕೇಳಲು ಸುಲಭ, ಮಾಡಲು ಕಷ್ಟ!

ಒಂದು ಉದಾಹರಣೆ ಕೊಡುತ್ತೇವೆ. ಇದು ಯಾರೊಬ್ಬರ ಕಥೆಯೂ ಅಲ್ಲ, ಕಲ್ಪಿಸಿಕೊಂಡದ್ದು. ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳದೆ, ದಿನವೂ ಬೆಳಿಗ್ಗೆ ಟೈ ಕಟ್ಟಿ ರೈಲು ಹತ್ತುವ ಒಬ್ಬರು ನಮ್ಮಲ್ಲಿಗೆ ಬರುತ್ತಾರೆ ಎನ್ನಿ. "ಛೇ, ಹೆಂಡತಿಗೆ ಹೇಳಬಾರದಿತ್ತೇ?" ಎಂದು ನಾವು ಕೇಳುವುದಿಲ್ಲ. "ಆ ರೈಲಿನಲ್ಲಿ ಕೂತಾಗ ಮನಸ್ಸಿಗೆ ಏನನ್ನಿಸುತ್ತದೆ?" ಎಂದು ಕೇಳುತ್ತೇವೆ. ವಾರಕ್ಕೊಮ್ಮೆ 50 ನಿಮಿಷ. ಮೊದಲ ವಾರ ಮೌನವೇ ಹೆಚ್ಚಿರಬಹುದು. ಕ್ರಮೇಣ ಅವಮಾನದ ಮಾತು ಬರುತ್ತದೆ, ತಂದೆಯ ನಿರೀಕ್ಷೆಯ ಮಾತು ಬರುತ್ತದೆ. ಮನೆಯಲ್ಲಿ ಹೇಗೆ ಹೇಳಬೇಕೆಂಬುದನ್ನು ಕೊನೆಗೆ ಅವರೇ ಕಂಡುಕೊಳ್ಳುತ್ತಾರೆ. ಹಾಗೆ ಕಂಡುಕೊಂಡ ದಾರಿ ಅವರದೇ ಆದ್ದರಿಂದ ಅದರಲ್ಲಿ ನಡೆಯುವ ಧೈರ್ಯವೂ ಬರುತ್ತದೆ.

"ಯುಗಾದಿ ಊಟದಲ್ಲಿ ಸಿಗುವವರೇ ನೀವು, ಗುಟ್ಟು ರಟ್ಟಾದರೆ?" ಈ ಭಯ ನ್ಯಾಯವಾದದ್ದೇ. ಅದಕ್ಕೇ ಕೆಲವು ಕಟ್ಟಳೆ ಇಟ್ಟುಕೊಂಡಿದ್ದೇವೆ. ಹತ್ತಿರದ ಸ್ನೇಹಿತರನ್ನು, ನೆಂಟರನ್ನು ನಾವೇ ನೋಡುವುದಿಲ್ಲ; ಬೇರೆಯವರ ಬಳಿಗೆ ಕಳಿಸುತ್ತೇವೆ. ಹೊರಗೆ ಸಿಕ್ಕಾಗ ನೀವಾಗಿ ಮಾತಾಡಿಸಿದರೆ ಮಾತ್ರ ನಾವು ಮಾತಾಡುತ್ತೇವೆ. ಗಂಡ ಬಂದದ್ದು ಹೆಂಡತಿಗೂ ನಮ್ಮಿಂದ ತಿಳಿಯದು. ಜೀವಕ್ಕೆ ಅಪಾಯವಿದ್ದರೆ ಅಥವಾ ಮಗುವಿಗೆ ಹಾನಿಯಾಗುತ್ತಿದ್ದರೆ ಮಾತ್ರ ಬೇರೆಯವರಿಗೆ ತಿಳಿಸಬೇಕಾಗುತ್ತದೆ. ಅದನ್ನು ಮೊದಲ ದಿನವೇ ಹೇಳಿಬಿಡುತ್ತೇವೆ.

ಇನ್ನು, ಕನ್ನಡದಲ್ಲೇ ಏಕೆ? ಪತಿಯನ್ನು ಕಳೆದುಕೊಂಡು ಮಗನ ಮನೆಗೆ ಬಂದ ತಾಯಿಯೊಬ್ಬರನ್ನು ನೆನೆಯಿರಿ. "ಹೊಟ್ಟೆಯೊಳಗೆ ತಳಮಳ, ಎದೆ ಭಾರ" ಎನ್ನುತ್ತಾರೆ. ಜೊತೆಗೆ ಹೋದ ಮೊಮ್ಮಗ ಡಾಕ್ಟರಿಗೆ "ಹೊಟ್ಟೆನೋವು" ಎಂದು ಅನುವಾದಿಸುತ್ತಾನೆ. ಪಾಪ, ಅವನ ತಪ್ಪಿಲ್ಲ. ಆದರೆ ಆಕೆಯ ದುಃಖ ಹೇಳದೇ ಉಳಿಯಿತು. ಮೊಮ್ಮಗನ ಎದುರು ಸೊಸೆಯ ಮಾತನ್ನಂತೂ ಎತ್ತುವಂತೆಯೇ ಇಲ್ಲ! ಎನ್‌ಎಚ್‌ಎಸ್‌ನಲ್ಲಿ ದುಭಾಷಿಯನ್ನು ಕೇಳಬಹುದು, ಅದಕ್ಕೆ ನೀವು ಹಣ ಕೊಡಬೇಕಿಲ್ಲ. ದಯವಿಟ್ಟು ಕೇಳಿ, ಮಕ್ಕಳ ಮೇಲೆ ಆ ಹೊರೆ ಹಾಕಬೇಡಿ. ಆದರೂ ತಮ್ಮ ಭಾಷೆಯಲ್ಲೇ ನೇರವಾಗಿ ಅತ್ತು ಹಗುರಾಗುವ ಸಮಾಧಾನವೇ ಬೇರೆ.

ನಿಮ್ಮ ಇಂದಿನ ದೇಣಿಗೆ ಹೋಗುವುದು ಅದಕ್ಕೇ: ಕೊಠಡಿಯ ಬಾಡಿಗೆ, ಮೇಲ್ವಿಚಾರಕರ ಶುಲ್ಕ, ಇನ್ನೊಬ್ಬ ಕನ್ನಡಿಗರ ತರಬೇತಿ. ನಾವು ನಾಲ್ವರೂ ಸಮಯವನ್ನು ಉಚಿತವಾಗಿಯೇ ಕೊಡುತ್ತೇವೆ. ಆದರೂ ಬರುವವರೆಲ್ಲರಿಗೆ ನಾಲ್ವರು ಸಾಲುತ್ತಿಲ್ಲ. ತೆರೆಯಲೇ ಹಿಂಜರಿದು ಕೊನೆಗೂ ಬಾಯಿಬಿಟ್ಟವರಿಗೆ "ಸ್ವಲ್ಪ ಕಾಯಿರಿ" ಎನ್ನಬೇಕಾಗುತ್ತದೆ. ಆ ಮಾತು ನಮಗೆ ಕಷ್ಟ, ಅವರಿಗೆ ಇನ್ನೂ ಕಷ್ಟ.

ಕಾಯಲಾಗದ ಹೊತ್ತಿಗಾಗಿ ಇವನ್ನು ಫ್ರಿಜ್ಜಿನ ಮೇಲೆ ಬರೆದಿಡಿ. ಸಮಾರಿಟನ್ಸ್ 116 123, ಹಗಲು ರಾತ್ರಿ, ಉಚಿತ. ಜೀವಾಪಾಯವಿದ್ದರೆ 999. ಇಂಗ್ಲೆಂಡಿನಲ್ಲಿ ಖಿನ್ನತೆ, ಆತಂಕಗಳಿಗೆ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ಗೆ ಜಿಪಿಯ ಚೀಟಿ ಇಲ್ಲದೆ ನೀವೇ ಹೆಸರು ಕೊಡಬಹುದು. ಊರಿನಲ್ಲಿ ಒಂಟಿಯಾಗಿರುವ ಅಪ್ಪ ಅಮ್ಮನಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಇದೆ, ಸಂಖ್ಯೆ 14416. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಕಾಲು ಉಳುಕಿದರೆ ತೋರಿಸಿಕೊಳ್ಳಲು ನಾವು ನಾಚುವುದಿಲ್ಲ. ಮನಸ್ಸು ಉಳುಕಿದಾಗಲೂ ನಾಚಬೇಕಿಲ್ಲ. ಕೇಳಲು ನಾವಿದ್ದೇವೆ, ಬನ್ನಿ.